ಹೊದಿಕೆ ಬಿಚ್ಚದ ಎಲ್‌ಪಿಗೆ ಬೂಷ್ಟು ಹಿಡಿದಿದೆ: 500ರಲ್ಲಿ 312ನೇ ಪ್ರತಿಯನ್ನು ತೆರೆಯಲೇ, ಬೇಡವೇ?

ಕೇಳುಗ_ಕಲ್ಯಾಣಪುರ (ಪ್ರಶ್ನೆ)

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನನ್ನ ಪ್ರಶ್ನೆ ಸಣ್ಣದು, ಅದರ ಹಿಂದಿನ ಕಥೆ ಮಾತ್ರ ಸ್ವಲ್ಪ ಉದ್ದವಿದೆ. ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಎರಡು ವರ್ಷಗಳ ಹಿಂದೆ ಸಂಸ್ಥೆಯೊಂದು 1970ರ ದಶಕದ ಕನ್ನಡ ಚಲನಚಿತ್ರವೊಂದರ ಹಾಡುಗಳನ್ನು ಎಲ್‌ಪಿಯಾಗಿ, ಅಂದರೆ ಮುಳ್ಳಿಟ್ಟು ನುಡಿಸುವ ದೊಡ್ಡ ಗ್ರಾಮಫೋನ್ ತಟ್ಟೆಯಾಗಿ, ಮತ್ತೆ ಹೊರತಂದಿತು. ಚಿತ್ರದ ಹೆಸರು ಹೇಳಿದರೆ ಸಂಸ್ಥೆ ಯಾವುದೆಂದು ನಿಮಗೆಲ್ಲ ತಿಳಿದುಬಿಡುತ್ತದೆ. ಆದುದರಿಂದ ಎರಡನ್ನೂ ಹೇಳುವುದಿಲ್ಲ. ಕೆಂಪು ಬಣ್ಣದ ತಟ್ಟೆ, ಎಂಟು ಪುಟಗಳ ಪುಸ್ತಿಕೆ, ಒಟ್ಟು 500 ಪ್ರತಿಗಳು ಮಾತ್ರ, ಪ್ರತಿಯೊಂದರ ಹಿಂಬದಿಯಲ್ಲಿ ಕೈಬರಹದ ಕ್ರಮಸಂಖ್ಯೆ ಎಂದು ಪ್ರಕಟಿಸಿದ್ದರು. ಬುಕಿಂಗ್ ಬೆಳಿಗ್ಗೆ 11ಕ್ಕೆ ಆರಂಭವಾಯಿತು. ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಲ್ಲೇ ಮೊಬೈಲಿನಲ್ಲಿ ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಹಣ ಪಾವತಿಯಾಯಿತು, 11.20ಕ್ಕೆ ಎಲ್ಲ ಮುಗಿದಿತ್ತು. ನಾನು ಕೊಟ್ಟದ್ದು 3,200 ರೂಪಾಯಿ, ಸಿಕ್ಕಿದ್ದು 312ನೇ ಪ್ರತಿ. ಅದೇ ಹೊತ್ತಿನಲ್ಲಿ ಉಡುಪಿಯಿಂದ ಪ್ರಯತ್ನಿಸಿದ ನನ್ನ ಇಬ್ಬರು ಗೆಳೆಯರಿಗೆ ಸಿಗಲಿಲ್ಲ. ಅವರಲ್ಲೊಬ್ಬರು ಮೂರು ತಿಂಗಳ ಬಳಿಕ ಅದನ್ನೇ ಬೇರೊಬ್ಬರಿಂದ 9,000 ರೂಪಾಯಿಗೆ ಕೊಂಡರು.

ಪ್ಲಾಸ್ಟಿಕ್ ಹೊದಿಕೆ ಬಿಚ್ಚದಿದ್ದರೆ ಬೆಲೆ ಉಳಿಯುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ನಾನು ಅದನ್ನು ಇಂದಿನವರೆಗೂ ತೆರೆದಿಲ್ಲ. ಹಾಡುಗಳನ್ನು ಫೋನಿನಲ್ಲಿಯೇ ಕೇಳುತ್ತ ಬಂದಿದ್ದೇನೆ. ‘ಕೇಳಲಿಕ್ಕಿಲ್ಲದ ಹಾಡಿಗೆ ಇಷ್ಟು ಹಣ ಕೊಟ್ಟದ್ದು ಯಾಕೆ?’ ಎಂದು ಅಮ್ಮ ಎರಡು ಸಲ ಕೇಳಿದ್ದಾರೆ, ನನ್ನಲ್ಲಿ ಉತ್ತರವಿರಲಿಲ್ಲ. ಈ ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಕಪಾಟು ಒರೆಸುವಾಗ ನೋಡಿದರೆ, ಹೊದಿಕೆಯ ಒಳಗೇ, ಜಾಕೆಟ್ಟಿನ (ತಟ್ಟೆಯಿಡುವ ರಟ್ಟಿನ ಚೀಲದ) ಕೆಳಮೂಲೆಯಲ್ಲಿ ಬಿಳಿ ಚುಕ್ಕೆಗಳು ಕಾಣಿಸಿಕೊಂಡಿವೆ. ಅದೇ ವಾರದಲ್ಲಿ ಆ ಸಂಸ್ಥೆ ‘ಎರಡನೇ ಸೀಮಿತ ಆವೃತ್ತಿ’ಯನ್ನು ಪ್ರಕಟಿಸಿತು: ಕಪ್ಪು ತಟ್ಟೆ, ಮತ್ತೆ 500 ಪ್ರತಿಗಳು, ಬೆಲೆ 2,400 ರೂಪಾಯಿ, ಮೇಲಿಂದ ನಾಲ್ಕು ನಿಮಿಷಗಳ ಶೀರ್ಷಿಕೆ ಸಂಗೀತ. ಆ ಶೀರ್ಷಿಕೆ ಸಂಗೀತಕ್ಕಾಗಿಯೇ ನಾನು ಮೊದಲ ಸಲ ಕಾದು ನಿರಾಶನಾದದ್ದು.

ನಾನು ಹೊದಿಕೆ ಬಿಚ್ಚಬೇಕೇ? ‘ಸೀಮಿತ’ ಎಂದು ಹಣ ಪಡೆದು ಮತ್ತೆ ಒತ್ತಿಸುವುದು ನ್ಯಾಯವೇ? ಎರಡನೆಯದನ್ನೂ ಕೊಳ್ಳುವವನು ಮೂರ್ಖನೇ, ರಸಿಕನೇ?

ಬಂದರಿನ ಹಳಬ

ಮೊದಲು ಹೊದಿಕೆ ಬಿಚ್ಚಿ, ಚರ್ಚೆ ಆಮೇಲೆ ಮಾಡುವ.

ಕುಗ್ಗಿಸಿ ಅಂಟಿಸಿದ ಆ ತೆಳು ಪ್ಲಾಸ್ಟಿಕ್ಕು ಇರುವುದು ಅಂಗಡಿಯ ಕಪಾಟಿನಲ್ಲಿ ಕೆಲವು ತಿಂಗಳು ಜಾಕೆಟ್ಟು ಕೊಳೆಯಾಗದಿರಲೆಂದೇ ಹೊರತು, ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಹತ್ತು ವರ್ಷ ಕಾಪಾಡಲೆಂದಲ್ಲ. ಕಾಗದಕ್ಕೂ ಅಂಟಿಗೂ ಒಮ್ಮೆ ತೇವ ಸೇರಿದರೆ ಹೊದಿಕೆ ಅದನ್ನು ಹೊರಗೆ ಬಿಡುವುದಿಲ್ಲ, ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಬೇಡ. ಸಾಲದ್ದಕ್ಕೆ ಆ ಪ್ಲಾಸ್ಟಿಕ್ಕು ಕಾಲಕ್ರಮದಲ್ಲಿ ಇನ್ನಷ್ಟು ಬಿಗಿದುಕೊಂಡು ಜಾಕೆಟ್ಟಿನ ಮೂಲೆಗಳನ್ನು ಬಗ್ಗಿಸುತ್ತದೆ, ಕೆಲವೊಮ್ಮೆ ತಟ್ಟೆಯೂ ಡೊಂಕಾಗುತ್ತದೆ.

ಬಿಚ್ಚಿದ ಮೇಲೆ ಜಾಕೆಟ್ಟನ್ನು ಒಣ ಹತ್ತಿಬಟ್ಟೆಯಿಂದ, ಮನೆಯ ಹೊರಗೆ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ. ಒಳಗೆ ಒರೆಸಿದರೆ ಬೂಷ್ಟಿನ ಪುಡಿ ಪಕ್ಕದ ಜಾಕೆಟ್ಟಿಗೆ ಹೋಗಿ ಕೂರುತ್ತದೆ. ಕಾಗದದ ಒಳಚೀಲವಿದ್ದರೆ ಎಸೆದು ಪಾಲಿಥೀನ್ ಒಳಚೀಲ ಹಾಕಿ. ಹೊರಚೀಲ ಬೇಕಾದರೆ ಬಾಯಿ ತೆರೆದಿರಲಿ. ತಟ್ಟೆಯನ್ನು ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ, ಗೀರಿನ ದಿಕ್ಕಿನಲ್ಲಿಯೇ ತೊಳೆಯಬಹುದು. ಒಂದು ಎಚ್ಚರಿಕೆ: ನಿಮ್ಮ ಮನೆಯಲ್ಲಿ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ‘78ರ’ ಪ್ಲೇಟುಗಳಿದ್ದರೆ ಅವುಗಳಿಗೆ ಈ ನೀರು ಮುಟ್ಟಿಸಬೇಡಿ. ಅವು ಅರಗಿನ ತಟ್ಟೆಗಳು, ಸ್ಪಿರಿಟ್ಟು ತಾಗಿದರೆ ಅರಗು ಕರಗಿ ಹಾಡು ಅಲ್ಲಿಗೇ ಮುಗಿಯುತ್ತದೆ. ನನ್ನ ದೊಡ್ಡಪ್ಪನ ಸಂಗ್ರಹದ ಎರಡು ಪ್ಲೇಟುಗಳನ್ನು ನಾನು ಹಾಗೆ ಹಾಳುಮಾಡಿದ್ದೇನೆ. ಕಪಾಟಿನಲ್ಲಿ ಬಲ್ಬು ಉರಿಸಿಡುವ ನಮ್ಮ ಕಡೆಯ ಉಪಾಯ ಕ್ಯಾಮೆರಾಕ್ಕೂ ರೇಷ್ಮೆ ಸೀರೆಗೂ ಸರಿ, ಎಲ್‌ಪಿಗಳ ಹತ್ತಿರ ಬೇಡ. ಅವುಗಳ ಪಿವಿಸಿ ಪ್ಲಾಸ್ಟಿಕ್ಕು ಬಿಸಿಗೆ ಮೆತ್ತಗಾಗುತ್ತದೆ. ಸಿಲಿಕಾ ಜೆಲ್ ಚೀಲಗಳನ್ನಿಟ್ಟು ಅವನ್ನು ಆಗಾಗ ಹೊರತೆಗೆದು ಒಣಗಿಸಿ ಬಳಸಿ, ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡಿ.

ಇನ್ನು ‘ಸೀಮಿತ’ದ ವಿಷಯ. ನಾವು ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ರೆಕಾರ್ಡು ಕೊಳ್ಳುತ್ತಿದ್ದ ಕಾಲದಲ್ಲಿ ಆ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಆದರೆ ಎಲ್ಲವೂ ಸೀಮಿತವೇ ಆಗಿತ್ತು. 78ರ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ, ಹಾಗಾಗಿ ಸಿನಿಮಾದಲ್ಲಿದ್ದ ಒಂದು ಚರಣ ರೆಕಾರ್ಡಿನಲ್ಲಿ ಇರುತ್ತಿರಲಿಲ್ಲ. ಬಳಿಕ ಇಪಿ ಎಂಬ ಸಣ್ಣ ತಟ್ಟೆ ಬಂತು, ಬದಿಗೆ ಎರಡರಂತೆ ನಾಲ್ಕು ಹಾಡು. ಚಿತ್ರದಲ್ಲಿ ಆರು ಹಾಡುಗಳಿದ್ದರೆ ಉಳಿದೆರಡು ಇನ್ನೊಂದು ಇಪಿಯಾಗಿ ಬರಬೇಕು, ಅದು ಮಂಗಳೂರಿನ ತನಕ ಬಂದರೆ ಬಂತು. ಬಂದ ಕೆಲವೇ ಪ್ರತಿಗಳಲ್ಲಿ ಹೆಚ್ಚಿನವು ಮೈಕ್ ಸೆಟ್ಟಿನವರ ಪಾಲು. ಮದುವೆ, ಜಾತ್ರೆ, ಕಂಬಳ, ಚುನಾವಣೆ ಎಂದು ಒಂದೇ ಮುಳ್ಳಿನಲ್ಲಿ ನೂರಾರು ಸಲ ತಿರುಗಿ ಬಿಳಿಚಿಕೊಂಡ ಇಪಿಗಳು 1990ರ ದಶಕದಲ್ಲಿ, ದೇಶದಲ್ಲಿ ರೆಕಾರ್ಡು ಒತ್ತುವುದೇ ನಿಂತಾಗ, ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಇಂದು ನೀವು ಹುಡುಕುತ್ತಿರುವುದು ಅಲ್ಲಿಂದ ತಪ್ಪಿಸಿಕೊಂಡ ನಾಲ್ಕಾರನ್ನು. ಅದನ್ನು ಯಾರೂ 500 ಎಂದು ಎಣಿಸಿ ಮಾಡಿದ್ದಲ್ಲ.

ಮಣ್ಣಗುಡ್ಡೆ ವಾಸಿ

ಹಳಬರ ಮಾತು ಸರಿ. ಆದರೂ ಪ್ರಶ್ನೆ ಕೇಳಿದವರ ಸಿಟ್ಟಿಗೆ ಕಾರಣವಿದೆ. ನಾನು ಇಪ್ಪತ್ತು ವರ್ಷಗಳಿಂದ ವಿದೇಶಿ ಚಿತ್ರಗಳ ಹಿನ್ನೆಲೆ ಸಂಗೀತದ ಸಿಡಿಗಳನ್ನು ತರಿಸುತ್ತಿದ್ದೇನೆ. ಈ ಕಾಯಿಲೆಯ ಎಲ್ಲ ಹಂತಗಳನ್ನೂ ಅನುಭವಿಸಿದವನು.

ಅಮೆರಿಕದಲ್ಲಿ ಚಿತ್ರವೊಂದಕ್ಕೆ ವಾದ್ಯ ನುಡಿಸಿದ ಕಲಾವಿದರಿಗೆ, ಆ ಸಂಗೀತ ಮುಂದೆ ಆಲ್ಬಮ್ ಆದಾಗ ಮತ್ತೊಮ್ಮೆ ಸಂಭಾವನೆ ಕೊಡಬೇಕೆಂಬುದು ಅವರ ಒಕ್ಕೂಟದ ನಿಯಮ. ನೂರು ಮಂದಿಯ ವಾದ್ಯವೃಂದವಿದ್ದ ಹಳೆಯ ಚಿತ್ರವೊಂದಕ್ಕೆ ಆ ಖರ್ಚನ್ನು ಪೂರ್ತಿ ಭರಿಸಿದರೆ ಯಾವ ಸಣ್ಣ ಪ್ರಕಾಶಕನೂ ಉಳಿಯಲಾರ. ಹಾಗಾಗಿ ಸಣ್ಣ ಸಂಖ್ಯೆಯ ಬಿಡುಗಡೆಗೆ ರಿಯಾಯಿತಿಯ ಒಪ್ಪಂದ ಬಂತು, ‘3,000 ಪ್ರತಿಗಳು’ ಎಂಬ ಅಂಕೆ ಅಂಥ ಹಲವು ಸಿಡಿಗಳ ಬೆನ್ನ ಮೇಲೆ ಕಾಣಿಸಿಕೊಂಡಿತು. ಇಂಟ್ರಾಡಾ, ಲಾ-ಲಾ ಲ್ಯಾಂಡ್, ವರೇಸ್ ಸರಾಬಾಂಡ್ ಮುಂತಾದ ಪ್ರಕಾಶಕರ ಸೀಮಿತ ಸಿಡಿಗಳು ನಮ್ಮ ಪಾಲಿಗೆ ವೇದವಾದದ್ದು ಹೀಗೆ. ಅಂದರೆ ಅಲ್ಲಿ ಮಿತಿಯ ಹಿಂದೆ ಒಂದು ಲೆಕ್ಕವಿತ್ತು. ಮಾರಾಟದ ತಂತ್ರ ಅದಕ್ಕೆ ಆಮೇಲೆ ಅಂಟಿಕೊಂಡಿತು.

ಸಂಕಟ ಶುರುವಾಗುವುದು ಅದರ ನಂತರ. 40 ನಿಮಿಷದ ಆಲ್ಬಮ್ ಕೊಂಡಿರುತ್ತೀರಿ. ಐದು ವರ್ಷಕ್ಕೆ 70 ನಿಮಿಷದ ‘ವಿಸ್ತೃತ’ ಬರುತ್ತದೆ. ಮತ್ತೆ ಕೆಲವು ವರ್ಷಕ್ಕೆ ಯಾವುದೋ ಉಗ್ರಾಣದಲ್ಲಿ ಒಳ್ಳೆಯ ಟೇಪು ಸಿಕ್ಕಿತೆಂದು ಎರಡು ಸಿಡಿಗಳ ‘ಸಂಪೂರ್ಣ’ ಬರುತ್ತದೆ. ಒಂದೇ ಚಿತ್ರಕ್ಕೆ ಮೂರು ಸಲ ಹಣ ಕೊಟ್ಟವರಲ್ಲಿ ನಾನೂ ಒಬ್ಬ. ಹೆಚ್ಚು ನೋವಾದದ್ದು ಹಣಕ್ಕಲ್ಲ. ಎರಡನೆಯದನ್ನು ಕಾಳಸಂತೆಯ ಬೆಲೆಗೆ ಕೊಂಡು ಹದಿನೈದು ದಿನಕ್ಕೆ ಮೂರನೆಯದು ಪ್ರಕಟವಾಯಿತು. ಜೊತೆಗೆ ಇಲ್ಲಿಗೆ ತರಿಸುವ ಖರ್ಚು: ಅಂಚೆವೆಚ್ಚ ಕೆಲವೊಮ್ಮೆ ಸಿಡಿಯ ಬೆಲೆಯನ್ನೇ ಮೀರುತ್ತದೆ. ಮೊದಲು ವಿದೇಶದಲ್ಲಿರುವ ತಮ್ಮನೋ ಅಳಿಯನೋ 5,000 ರೂಪಾಯಿಯೊಳಗಿನ ಉಡುಗೊರೆಯೆಂದು ಕಳಿಸಿದರೆ ಸುಂಕವಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಆ ಬಾಗಿಲೂ ಮುಚ್ಚಿತು. ರಾಖಿಗೂ ಜೀವರಕ್ಷಕ ಔಷಧಿಗೂ ಮಾತ್ರ ವಿನಾಯಿತಿ ಉಳಿಯಿತು. ಸಿನಿಮಾ ಸಂಗೀತವನ್ನು ಜೀವರಕ್ಷಕ ಎಂದು ಒಪ್ಪುವ ಸುಂಕಾಧಿಕಾರಿ ನನಗೆ ಇನ್ನೂ ಸಿಕ್ಕಿಲ್ಲ.

ನಿಜವಾದ ವಿರಳತೆ ಹೇಗಿರುತ್ತದೆ ಎಂಬುದಕ್ಕೆ ಸಂಗ್ರಾಹಕರು ಸದಾ ಹೇಳುವ ಒಂದು ಉದಾಹರಣೆಯಿದೆ. 1954ರ ‘ದಿ ಕೇನ್ ಮ್ಯುಟಿನಿ’ ಚಿತ್ರದ ಎಲ್‌ಪಿಯನ್ನು ಆರ್‌ಸಿಎ ವಿಕ್ಟರ್ ಸಿದ್ಧಪಡಿಸಿತು. ಸಂಗೀತ ಮ್ಯಾಕ್ಸ್ ಸ್ಟೈನರ್ ಅವರದು. ಎರಡನೇ ಬದಿಯಲ್ಲಿ ಚಿತ್ರದ ಸೇನಾ ನ್ಯಾಯಾಲಯದ ದೃಶ್ಯದ ಸಂಭಾಷಣೆಯನ್ನೇ ಹಾಕಿದ್ದರು. ಮೂಲ ಕಾದಂಬರಿಯ ಲೇಖಕ ಹರ್ಮನ್ ವೂಕ್ ಆಕ್ಷೇಪಿಸಿದ್ದರಿಂದ ಬಿಡುಗಡೆಯನ್ನು ಹಿಂತೆಗೆದುಕೊಂಡರು, ಹೊರಗೆ ಜಾರಿದ್ದು ಬೆರಳೆಣಿಕೆಯ ಪ್ರತಿಗಳು. ನಮ್ಮಲ್ಲಿ ಚಿತ್ರಗಳ ಸಂಭಾಷಣೆಯ ಧ್ವನಿಸುರುಳಿಗಳನ್ನು ಬೀಡಿ ಅಂಗಡಿಯಲ್ಲಿಯೂ ಮಾರುತ್ತಿದ್ದರೆಂದು ಕೇಳಿದರೆ ಆ ಕಡೆಯವರು ಬೆರಗಾಗುತ್ತಾರೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕೆಂಪು ತಟ್ಟೆ 500 ಎಂದು ಹೇಳಿ ಕಪ್ಪು ತಟ್ಟೆ ಒತ್ತಿಸಿದರೆ ಕಾಗದದ ಮೇಲೆ ಅದು ಸುಳ್ಳಲ್ಲ. ಆದರೆ ‘ಈ ಧ್ವನಿಮುದ್ರಣ ಮತ್ತೆ ಎಲ್‌ಪಿಯಾಗಿ ಬರುವುದಿಲ್ಲ’ ಎಂಬ ಭಾವನೆ ಮೂಡುವಂತೆ ಜಾಹೀರಾತು ಕೊಟ್ಟಿದ್ದರೆ, ಕೇಳುವ ಹಕ್ಕು ನಿಮಗಿದೆ. ಆ ಜಾಹೀರಾತಿನ ಚಿತ್ರ ನಿಮ್ಮಲ್ಲಿದ್ದರೆ ತೆಗೆದಿಟ್ಟುಕೊಳ್ಳಿ.

ಕುಂದಾಪುರ 45

ಮೇಲೆ 9,000 ರೂಪಾಯಿಯ ಪ್ರಸ್ತಾಪ ಬಂದದ್ದರಿಂದ ಮಾತನಾಡುತ್ತಿದ್ದೇನೆ. ಆ ಪ್ರತಿಯನ್ನು ಮಾರಿದವನು ನಾನಲ್ಲ. ಆದರೆ ಅಂಥ ವ್ಯಾಪಾರ ಮಾಡುವವರಲ್ಲಿ ನಾನೂ ಒಬ್ಬ, ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾನು ಅದೇ ಎಲ್‌ಪಿಯ ಆರು ಪ್ರತಿಗಳನ್ನು ಕೊಂಡಿದ್ದೆ. ಬಂಧುಗಳ ಹೆಸರಿನಲ್ಲಿ ಬುಕ್ ಮಾಡಿಸಿದೆ ಎಂಬುದನ್ನೂ ಒಪ್ಪುತ್ತೇನೆ. ನಾಲ್ಕನ್ನು ಸುಮಾರು ದುಪ್ಪಟ್ಟು ಬೆಲೆಗೆ ಮಾರಿದೆ. ಉಳಿದೆರಡು ಇನ್ನೂ ಇವೆ. ಕಪ್ಪು ತಟ್ಟೆಯ ಪ್ರಕಟಣೆ ಬಂದ ಮರುದಿನದಿಂದ ಅವುಗಳಿಗೆ ಕೊಂಡ ಬೆಲೆಯೂ ಬರುತ್ತಿಲ್ಲ. ಏರಿದ ಬೆಲೆಗೆ ನನ್ನನ್ನು ಬೈಯುವವರು ಇಳಿದ ಬೆಲೆಗೆ ಕನಿಕರ ತೋರಿಸಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಅದೇ ಲಾಭದಲ್ಲಿ ನಾನು ಬೈಂದೂರಿನಿಂದ ಕಾರ್ಕಳದವರೆಗೆ ಗುಜರಿಗಳನ್ನು ಸುತ್ತಿ ಹಳೆಯ ಇಪಿಗಳನ್ನು ಎತ್ತಿ ತರುತ್ತೇನೆ. ಹತ್ತರಲ್ಲಿ ಎಂಟು ಕೆಲಸಕ್ಕೆ ಬಾರದವು. ಈ ಬಳಗದ ಕೆಲವರ ಕಪಾಟಿನಲ್ಲಿರುವ ತುಳು ಚಿತ್ರಗಳ ಇಪಿಗಳು ಎಲ್ಲಿಂದ ಬಂದವೆಂದು ಅವರಿಗೆ ಗೊತ್ತಿದೆ.

500 ಎಂಬ ಸಂಖ್ಯೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಬೇಡ. ಮೊದಲು ಮೆದು ಮೆರುಗು ಲೇಪಿಸಿದ ಲ್ಯಾಕರ್ ತಟ್ಟೆಯಲ್ಲಿ ಹಾಡಿನ ಗೀರು ಕೊರೆದು, ಅದಕ್ಕೆ ಲೋಹ ಲೇಪಿಸಿ, ಅದರಿಂದ ಒತ್ತುವ ಅಚ್ಚು ತೆಗೆಯಬೇಕು. ಈ ಖರ್ಚು ನೂರು ಪ್ರತಿ ಒತ್ತಿದರೂ ಅಷ್ಟೇ, ಸಾವಿರ ಒತ್ತಿದರೂ ಅಷ್ಟೇ. ಒಂದು ಜೋಡಿ ಅಚ್ಚು ಸಾವಿರದಷ್ಟು ತಟ್ಟೆಗಳವರೆಗೆ ಬಾಳುತ್ತದೆ. ಕನ್ನಡದ ಹಳೆಯ ಚಿತ್ರವೊಂದಕ್ಕೆ ಸಾವಿರ ಗಿರಾಕಿಗಳು ಸಿಗುವರೆಂಬ ಧೈರ್ಯ ಯಾರಿಗೂ ಇಲ್ಲ, ಇನ್ನೂರಕ್ಕೆ ಲೆಕ್ಕ ಕೂಡುವುದಿಲ್ಲ. ಹಾಗಾಗಿ 300, 500. ಲ್ಯಾಕರ್ ತಟ್ಟೆ ತಯಾರಿಸುವ ದೊಡ್ಡ ಕಾರ್ಖಾನೆಗಳು ಜಗತ್ತಿನಲ್ಲಿ ಇದ್ದದ್ದೇ ಎರಡು. ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ 2020ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಉಳಿದದ್ದು ಜಪಾನಿನದೊಂದು. ಅಂದಿನಿಂದ ಸಣ್ಣ ಬೇಡಿಕೆಗಳು ಸರದಿಯ ಕೊನೆಯಲ್ಲಿ ನಿಲ್ಲಬೇಕಾಯಿತು. ಸಂಸ್ಥೆಯವರು ಮೊದಲ ಸಲ ಹೆದರಿ 500 ಒತ್ತಿಸಿದರು, ಇಪ್ಪತ್ತು ನಿಮಿಷದಲ್ಲಿ ಮುಗಿದದ್ದನ್ನು ಕಂಡು ಮತ್ತೆ 500 ಒತ್ತಿಸಿದರು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಹೊದಿಕೆ ಬಿಚ್ಚಿದರೆ ಬೆಲೆ ಮೂರರಲ್ಲೊಂದು ಭಾಗ ಕಡಿಮೆಯಾಗಬಹುದು ಎಂದು ವ್ಯಾಪಾರಿಯಾಗಿ ಹೇಳುತ್ತೇನೆ. ಬೂಷ್ಟು ಹಿಡಿದ ಪ್ರತಿಯನ್ನು ಹೊದಿಕೆ ಸಮೇತ ನಾನೂ ಕೊಳ್ಳುವುದಿಲ್ಲ.

ಬಂದರಿನ ಹಳಬ

ಗುಜರಿ ಸುತ್ತುವ ಕೆಲಸಕ್ಕೆ ನನ್ನ ಗೌರವವಿದೆ, ನಾನೂ ನಿಮ್ಮಿಂದ ಕೊಂಡವನೇ. ಆದರೆ ಮಾರಾಯ್ರೇ, ಗುಜರಿಯಿಂದ ಎತ್ತಿ ತರುವುದು ಒಂದು ಕೆಲಸ, ಸಂತೆಕಟ್ಟೆಯ ಬಸ್ ನಿಲ್ದಾಣದಲ್ಲಿ ನಿಂತವರ ಕೈಯಿಂದ ಕಿತ್ತುಕೊಳ್ಳುವುದು ಇನ್ನೊಂದು. ಬಂಧುಗಳ ಹೆಸರಿನ ಐದು ಪ್ರತಿಗಳು ಐದು ಮಂದಿ ಕೇಳುಗರಿಗೆ ಸಲ್ಲಬೇಕಾದವು.

ಎರಡನೇ ಬದಿ, ಮಣಿಪಾಲ

ಸಂಖ್ಯೆಯ ಬಗ್ಗೆ ಇಷ್ಟು ಚರ್ಚೆಯಾಯಿತು. ನನಗೆ ಕಾಡುವ ಪ್ರಶ್ನೆ ಬೇರೆ: ಆ ತಟ್ಟೆಯಲ್ಲಿ ಇರುವುದೇನು, ಎಲ್ಲಿಂದ ತೆಗೆದದ್ದು? ಹಳೆಯ ಧ್ವನಿಮುದ್ರಣಗಳನ್ನು ಶುದ್ಧಗೊಳಿಸುವುದು ನನ್ನ ಬಿಡುವಿನ ವೇಳೆಯ ಹವ್ಯಾಸ. ಕಳೆದ ಕೆಲವು ವರ್ಷಗಳಲ್ಲಿ ಪರೀಕ್ಷಿಸಿದ ಮರುಬಿಡುಗಡೆಗಳಲ್ಲಿ ಮೂಲ ಟೇಪಿನಿಂದ ತೆಗೆದವು ಕಡಿಮೆ. ಹಳೆಯ ರೆಕಾರ್ಡಿನಿಂದಲೋ ಸಿಡಿಯಿಂದಲೋ ತೆಗೆದವು ಹೆಚ್ಚು. ಎಂಪಿ3 ಕಡತದಿಂದ ಕೊರೆದದ್ದನ್ನೂ ಒಮ್ಮೆ ಕಂಡಿದ್ದೇನೆ. 180 ಗ್ರಾಮಿನ ದಪ್ಪ ತಟ್ಟೆ, ಚಿನ್ನದ ಬಣ್ಣದ ಅಕ್ಷರ, ಒಳಗೆ ಫೋನಿನಲ್ಲಿ ಕೇಳುವ ಅದೇ ದನಿ. 128 ಕಿಲೋಬಿಟ್ಟಿನ ಎಂಪಿ3ಯಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸಿನ ಮೇಲಿನ ಭಾಗವನ್ನು ಕತ್ತರಿಸಿರುತ್ತಾರೆ. ಆ ಕಾಲದ ಹಾಡಿನಲ್ಲಿ ಅಷ್ಟು ಮೇಲಿನ ಸ್ವರಾಂಶ ಇಲ್ಲದಿದ್ದರೂ ಟೇಪಿನ ಸಣ್ಣ ‘ಹಿಸ್’ ಎಂಬ ಸದ್ದು ಅಲ್ಲಿಯ ತನಕ ಹರಡಿಕೊಂಡಿರಬೇಕು. ತಟ್ಟೆಯನ್ನು 24 ಬಿಟ್, 96 ಕಿಲೋಹರ್ಟ್ಸಿನಲ್ಲಿ ಕಂಪ್ಯೂಟರಿಗೆ ಧ್ವನಿಮುದ್ರಿಸಿಕೊಂಡು ವರ್ಣಪಟಲ (ಯಾವ ಸ್ವರಮಟ್ಟದಲ್ಲಿ ಎಷ್ಟು ಸದ್ದಿದೆ ಎಂಬ ಚಿತ್ರ) ನೋಡಿದರೆ 16ರ ಬಳಿ ಮೆಟ್ಟಿಲಿನಂತೆ ಒಂದು ಕುಸಿತ ಕಾಣಿಸಿದಾಗ ಸಂಶಯಪಡಬೇಕು.

ಎರಡನೇ ಆವೃತ್ತಿಯ ಶೀರ್ಷಿಕೆ ಸಂಗೀತದ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ನಮ್ಮಲ್ಲಿ ಚಿತ್ರದ ಆಲ್ಬಮ್ ಎಂದರೆ ಹಾಡುಗಳು, ಹಿನ್ನೆಲೆ ಸಂಗೀತ ಮಾರಾಟದ ವಸ್ತುವೇ ಆಗಿರಲಿಲ್ಲ. ಹಾಡುಗಳಿಗೆ ಪ್ರತ್ಯೇಕ ಟೇಪು ಇತ್ತು, ಅದು ರೆಕಾರ್ಡು ಕಂಪನಿಗೆ ಹೋಗುತ್ತಿತ್ತು. ಹಿನ್ನೆಲೆ ಸಂಗೀತವನ್ನು ಮಾತ್ರ ದೃಶ್ಯ ನೋಡುತ್ತ ನುಡಿಸಿ, ಸಂಭಾಷಣೆ ಮತ್ತು ಇತರ ಸದ್ದುಗಳೊಂದಿಗೆ ಬೆರೆಸಿ, ಕೊನೆಗೆ ಒಂದೇ ಧ್ವನಿಪಥವಾಗಿ ಫಿಲ್ಮಿಗೆ ಇಳಿಸುತ್ತಿದ್ದರು. ಬೆರೆಸುವ ಮೊದಲಿನ ಸುರುಳಿಗಳನ್ನು ಕಾಪಾಡಿದವರು ವಿರಳ. ಟೇಪು ದುಬಾರಿಯಾಗಿದ್ದರಿಂದ ಅಳಿಸಿ ಮತ್ತೆ ಬಳಸುವುದೂ ಇತ್ತು. ಹಾಗಿರುವಾಗ ಈ ನಾಲ್ಕು ನಿಮಿಷ ಎಲ್ಲಿಂದ ಬಂತು? ಶೀರ್ಷಿಕೆಯ ಹೊತ್ತಿನಲ್ಲಿ ಸಂಭಾಷಣೆ ಇರುವುದಿಲ್ಲವಾದ್ದರಿಂದ ಚಿತ್ರದ ಪ್ರತಿಯಿಂದಲೇ ತೆಗೆದಿರಬಹುದು. ಅದೂ ತಪ್ಪಲ್ಲ, ಆದರೆ ಹಾಗೆಂದು ಬರೆಯಬೇಕು.

ಇದು ಬರಿಯ ಸಂಗ್ರಾಹಕರ ಹಠವಲ್ಲ ಎನ್ನಲು ನಮ್ಮ ಕರಾವಳಿಯದೇ ಉದಾಹರಣೆ ಕೊಡುತ್ತೇನೆ. ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರಿಗೆ ‘ಋಷ್ಯಶೃಂಗ’ (1976) ಮತ್ತು ‘ಘಟಶ್ರಾದ್ಧ’ (1977) ಚಿತ್ರಗಳಿಗೆ ಅತ್ಯುತ್ತಮ ಸಂಗೀತ ನಿರ್ದೇಶಕರ ರಾಷ್ಟ್ರಪ್ರಶಸ್ತಿ ಬಂತು. ಅದು ಹಾಡುಗಳ ಜನಪ್ರಿಯತೆಗೆ ಸಂದ ಪ್ರಶಸ್ತಿಯಲ್ಲ. ಸದ್ದು, ಮೌನ, ಮಂತ್ರ, ವಾದ್ಯ ಇವುಗಳನ್ನು ಅವರು ಕಥೆಗೆ ಹೆಣೆದ ರೀತಿಗೆ ಸಂದದ್ದು. ಆ ಸಂಗೀತದ ಒಂದು ರೆಕಾರ್ಡನ್ನೂ ನಾನು ಇಂದಿನವರೆಗೆ ಕಂಡಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಪುಣೆಯ ಚಲನಚಿತ್ರ ಭಂಡಾರದಲ್ಲಿ ಅದರ ಚಿತ್ರದ ನೆಗೆಟಿವ್ ಮಾತ್ರವಲ್ಲ, ಧ್ವನಿಯ ನೆಗೆಟಿವ್ ಕೂಡ ಉಳಿದಿದ್ದುದು ನಮ್ಮ ಪುಣ್ಯ. ಆದರೆ ಬೆರೆತ ಧ್ವನಿಪಥದಿಂದ ಸಂಗೀತವೊಂದನ್ನೇ ಸೋಸುವುದು ಸಾಂಬಾರಿನಿಂದ ಹುಣಸೆಹುಳಿಯನ್ನು ಮರಳಿ ತೆಗೆದಂತೆ. ಇನ್ನೊಂದು ತುದಿಯಲ್ಲಿ ‘ಪಲ್ಲವಿ ಅನುಪಲ್ಲವಿ’ (1983) ಇದೆ. ಆ ಚಿತ್ರಕ್ಕೆ ಇಳಯರಾಜ ಮಾಡಿದ ಸಂಗೀತದ ಒಂದು ತುಣುಕನ್ನು ಇಪ್ಪತ್ತು ವರ್ಷಗಳ ಮೇಲೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ದೇಶಕ್ಕೆ ದೇಶವೇ ಗುನುಗಿತು. ಪದಗಳಿಲ್ಲದ ಸಂಗೀತಕ್ಕೆ ಗಿರಾಕಿಗಳಿಲ್ಲ ಎಂಬುದು ಕಂಪನಿಗಳ ಊಹೆ ಮಾತ್ರ.

‘ಇವರಿಗೇಕೆ ಕಾಯಬೇಕು, ನಾವೇ ಒತ್ತಿಸೋಣ’ ಎಂದು ಬಳಗದಲ್ಲಿ ಹಿಂದೆ ಕೆಲವರು ಬರೆದಿದ್ದರು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1970ರ ದಶಕದ್ದು 2030ರ ದಶಕದವರೆಗೆ ಒಡೆಯರದ್ದೇ. ಹಳೆಯದರ ಅವಧಿ ಮುಗಿದಿದ್ದರೂ ಸಾಹಿತ್ಯ ಬರೆದವರ ಮತ್ತು ರಾಗ ಸಂಯೋಜಿಸಿದವರ ಹಕ್ಕು ಅವರ ಮರಣಾನಂತರವೂ 60 ವರ್ಷ ಪ್ರತ್ಯೇಕವಾಗಿ ಉಳಿಯುತ್ತದೆ. ಒಂದು ಎಲ್‌ಪಿಗಾಗಿ ಎಷ್ಟು ಮನೆಗಳ ಬಾಗಿಲು ತಟ್ಟಬೇಕೆಂದು ಲೆಕ್ಕ ಹಾಕಿದರೆ, 500 ಪ್ರತಿ ತರುವವರ ಮೇಲೆ ನನಗೆ ಅರ್ಧ ಸಿಟ್ಟು ಇಳಿಯುತ್ತದೆ. ಉಳಿದರ್ಧ ಮೂಲವನ್ನು ಮುಚ್ಚಿಡುವುದಕ್ಕೆ.

ನೀವು ತಟ್ಟೆಯನ್ನು ತೆರೆಯುವುದಾದರೆ ಮಣಿಪಾಲಕ್ಕೆ ತನ್ನಿ, ಮುದ್ರಿಸಿ ನೋಡೋಣ. ಜೊತೆಗೆ ಸಂಸ್ಥೆಗೆ ಒಂದು ಇಮೇಲ್ ಬರೆದು, ಹಾಡುಗಳ ಮೂಲ ಯಾವುದು, ಶೀರ್ಷಿಕೆ ಸಂಗೀತದ ಮೂಲ ಯಾವುದು, ಮೂರನೇ ಆವೃತ್ತಿ ಬರುವುದೇ ಎಂದು ಕೇಳಿ.

ಕೇಳುಗ_ಕಲ್ಯಾಣಪುರ

ಎಲ್ಲರಿಗೂ ವಂದನೆಗಳು. ಭಾನುವಾರ ಬೆಳಿಗ್ಗೆ ಮಳೆ ಬಿಟ್ಟಾಗ ಅಂಗಳದಲ್ಲಿ ನಿಂತು ಹೊದಿಕೆ ಬಿಚ್ಚಿದೆ. ಬೂಷ್ಟು ಜಾಕೆಟ್ಟಿನ ಒಳಮೈಗೂ ಹರಡಿತ್ತು. ಪುಸ್ತಿಕೆಯ ಎರಡು ಪುಟಗಳು ಅಂಟಿಕೊಂಡಿದ್ದವು, ಬಿಡಿಸುವಾಗ ನಾಯಕಿಯ ಅರ್ಧ ಮುಖ ಎದುರು ಪುಟಕ್ಕೆ ಹೋಯಿತು. ತಟ್ಟೆಗೆ ಏನೂ ಆಗಿಲ್ಲ. ಹಳಬರು ಹೇಳಿದಂತೆ ತೊಳೆದು ಹೊಸ ಒಳಚೀಲ ಹಾಕಿದ್ದೇನೆ. ಕ್ರಮಸಂಖ್ಯೆಯ ಕೆಳಗೆ, ತೆರೆದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಕುಂದಾಪುರದವರು ಇದಕ್ಕೆ ಇನ್ನಷ್ಟು ಬೆಲೆ ಕಳೆಯಲಿ.

ಮಣಿಪಾಲದಲ್ಲಿ ಪರೀಕ್ಷೆಯೂ ಆಯಿತು. ಎಂಪಿ3ಯ ಗುರುತು ಕಾಣಲಿಲ್ಲ, ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಎರಡು ಹಾಡುಗಳಲ್ಲಿ ‘ಸ’, ‘ಶ’ ಬಂದಲ್ಲೆಲ್ಲ ಸವೆದ ಗೀರಿನ ಒರಟು ದನಿಯಿದೆ. ಅಂದರೆ ಅವನ್ನು ಹಳೆಯ ಇಪಿಯಿಂದ ತೆಗೆದಿದ್ದಾರೆ. ಪುಸ್ತಿಕೆಯಲ್ಲಿ ಬರೆದಿರುವುದು ‘ಮೂಲ ಧ್ವನಿಮುದ್ರಣದಿಂದ’ ಎಂದು. ಸಂಸ್ಥೆಯಿಂದ ಮೂರು ಸಾಲಿನ ಉತ್ತರ ಬಂದಿದೆ: ಸೀಮಿತ ಎಂಬುದು ಕೆಂಪು ಬಣ್ಣಕ್ಕೆ ಅನ್ವಯಿಸುತ್ತದೆ, ಶೀರ್ಷಿಕೆ ಸಂಗೀತವನ್ನು ಚಿತ್ರದ ಪ್ರತಿಯಿಂದ ಪಡೆದಿದ್ದೇವೆ, ಮುಂದಿನ ಆವೃತ್ತಿಯ ಬಗ್ಗೆ ಈಗ ಏನೂ ಹೇಳಲಾಗದು. ಹಾಡುಗಳ ಮೂಲದ ಪ್ರಶ್ನೆಗೆ ಉತ್ತರವಿಲ್ಲ. ಮತ್ತೊಮ್ಮೆ ಬರೆದಿದ್ದೇನೆ, ಅದಕ್ಕೆ ಉತ್ತರ ಬರುವ ತನಕ ಕಪ್ಪು ತಟ್ಟೆಯನ್ನು ಕೊಳ್ಳುವುದಿಲ್ಲ, ಅಷ್ಟರಲ್ಲಿ ಮುಗಿದುಹೋದರೆ ಹೋಗಲಿ.

ಸಂಜೆ ಅಮ್ಮನನ್ನು ಕರೆದು ಕೂರಿಸಿ ಎರಡೂ ಬದಿಗಳನ್ನು ಹಾಕಿದೆ. ಈ ಚಿತ್ರವನ್ನು ಅವರು ಮಂಗಳೂರಿನ ಜ್ಯೋತಿ ಟಾಕೀಸಿನಲ್ಲಿ ಮದುವೆಗೆ ಮುಂಚೆ ನೋಡಿದ್ದರಂತೆ. ಎರಡನೇ ಬದಿಯ ಮೊದಲ ಹಾಡು ಮುಗಿದಾಗ, ‘ಇಷ್ಟು ಬೇಗ ಮುಗಿಯಲಿಕ್ಕಿಲ್ಲ, ದೋಣಿ ಇಳಿದ ಮೇಲೆ ಇನ್ನೊಂದು ಚರಣ ಉಂಟು’ ಎಂದು ಹೇಳಿ ಅದರ ಎರಡು ಸಾಲುಗಳನ್ನು ಗುನುಗಿದರು. ಯೂಟ್ಯೂಬಿನಲ್ಲಿರುವ ಪ್ರತಿಯಲ್ಲಿ ಆ ದೃಶ್ಯವೇ ಕತ್ತರಿಸಿಹೋಗಿದೆ. ಮೂರು ಚರಣಗಳಿರುವ ಇಪಿಯೋ, ಧ್ವನಿಸುರುಳಿಯೋ, ದೂರದರ್ಶನದಿಂದ ಹಿಡಿದಿಟ್ಟ ಹಳೆಯ ವಿಡಿಯೊ ಕ್ಯಾಸೆಟ್ಟೋ ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ? ಚಿತ್ರದ ಹೆಸರನ್ನು ಖಾಸಗಿ ಸಂದೇಶದಲ್ಲಿ ತಿಳಿಸುತ್ತೇನೆ.